ಕಾನು ಎಂಬ ಪದ ಹೋದ ದಾರಿ

ಹೊನ್ನಾವರದಿಂದ ಜೋಗದ ಕಡೆಗೆ ಹೊರಟ ಬಸ್ಸು ಗೇರುಸೊಪ್ಪೆ ದಾಟಿ ಮಲೆಮನೆ ಘಟ್ಟ ಹತ್ತಿದ ಮೇಲೆ ಒಂದು ಕಡೆ ಹಗಲಿನಲ್ಲೇ ಬೆಳಕು ಕಡಿಮೆಯಾಗುತ್ತದೆ. ರಸ್ತೆಯ ಎರಡೂ ಬದಿಯ ಮರಗಳು ಮೇಲೆ ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ಊರವರು ಎಂದೋ ಈ ಜಾಗಕ್ಕೆ ಇಟ್ಟ ಹೆಸರು ಕತ್ತಲೆಕಾನು. ಸಿದ್ದಾಪುರ ತಾಲ್ಲೂಕಿಗೆ ಸೇರಿದ ಈ ಕಾಡಿನೊಳಗೆ ಸ್ವಲ್ಪ ದೂರ ಇಳಿದರೆ ನೆಲ ಜೌಗಾಗುತ್ತದೆ. ಸಣ್ಣ ಹಳ್ಳವೊಂದು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದ ಹಾಗೆ ಮರಗಳ ನಡುವೆ ಹರಡಿಕೊಂಡಿರುತ್ತದೆ. ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೇ ಇಳಿಯುವ ಬೇರುಗಳು ಎಲ್ಲೆಡೆ ಕಾಣುತ್ತವೆ. ನೀರಿನಲ್ಲಿ ಮುಳುಗಿದ ನೆಲದಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಆದ್ದರಿಂದ ಈ ಮರಗಳು ಉಸಿರಾಡಲು ಬೇರನ್ನೇ ಹೊರಗೆ ಕಳಿಸುತ್ತವೆ. ಇವೆಲ್ಲ ಜಾಯಿಕಾಯಿ, ರಾಮಪತ್ರೆಗಳ ಬಳಗದ ಮರಗಳು. ಹೂ ಬಿಡುವ ಸಸ್ಯಗಳ ಇತಿಹಾಸದಲ್ಲಿ ಬಹಳ ಹಳೆಯ ಕುಟುಂಬವೊಂದಕ್ಕೆ ಸೇರಿದವು.

2000ದಲ್ಲಿ ಈ ಜೌಗಿನಲ್ಲಿ ಅದುವರೆಗೆ ವಿಜ್ಞಾನಕ್ಕೆ ಗೊತ್ತಿಲ್ಲದ ಮರವೊಂದನ್ನು ಸಸ್ಯತಜ್ಞರು ಗುರುತಿಸಿದರು. ಗುಡ್ಡೆಗೇರಿನ ಬಳಗದ ಆ ಮರಕ್ಕೆ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. 2014ರಲ್ಲಿ ಇದೇ ಕಾಡಿನ ತೊರೆಗಳಲ್ಲಿ ಸಿಕ್ಕ ಒಂದು ಕಪ್ಪೆಗೆ ನಿಕ್ಟಿಬ್ಯಾಟ್ರಾಕಸ್ ಕುಂಬಾರ ಎಂದು ಹೆಸರಾಯಿತು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಕಪ್ಪೆ ತೊರೆಯ ತಳದ ಕೆಸರನ್ನು ಮುಂಗಾಲಿನಲ್ಲಿ ಬಾಚಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಮಡಕೆ ಮಾಡುವವನ ಕೈಯಂತೆಯೇ ಆಡುತ್ತದೆ ಆ ಕಾಲು.

ಎರಡೂ ಹೆಸರುಗಳಲ್ಲಿ ಕನ್ನಡವಿದೆ. ಮೊದಲನೆಯದರಲ್ಲಿ 'ಕಾನು' ಎಂಬ ಪದವೇ ಇದೆ. ಲ್ಯಾಟಿನ್ ಹೆಸರುಗಳ ಲೋಕದಲ್ಲಿ ಅದು ಇನ್ನು ಭದ್ರ. ಆದರೆ ನಾನು ಓದುವ ಕಾಗದಗಳು ಬೇರೆ. ಮಲೆನಾಡಿನ ಭೂದಾಖಲೆಗಳ ಇತಿಹಾಸ ನನ್ನ ಸಂಶೋಧನೆಯ ವಿಷಯ. ಆ ಕಾಗದಗಳಲ್ಲಿ ಇದೇ ಪದ ಕಳೆದ ನೂರೈವತ್ತು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕರಗುತ್ತ ಬಂದಿದೆ. ವಿಜ್ಞಾನದ ಪುಸ್ತಕದಲ್ಲಿ ಜಾಗ ಪಡೆದ ಪದ ಕಂದಾಯದ ಪುಸ್ತಕದಿಂದ ಹೊರಬಿದ್ದದ್ದು ಹೇಗೆ, ಹಾಗೆ ಹೊರಬಿದ್ದಾಗ ಅದರ ಜೊತೆ ಏನೇನು ಹೋಯಿತು ಎಂಬುದು ಈ ಬರಹದ ಪ್ರಶ್ನೆ.

ನನ್ನ ಅಜ್ಜಿಯ ಊರು ಸೊರಬದ ಕಡೆ. ಸಣ್ಣವಳಿದ್ದಾಗ ರಜೆಗೆ ಹೋದರೆ ಮನೆಯ ಹಿಂದಿನ ಗುಡ್ಡ ದಾಟಿ ಆಚೆಗಿನ ದಟ್ಟ ಮರಗಳನ್ನು ತೋರಿಸಿ "ಆ ಕಾಡಿಗೆ ಹೋಗೋಣ" ಎನ್ನುತ್ತಿದ್ದೆ. "ಅದು ಕಾಡಲ್ಲ ಮಗಾ, ಕಾನು" ಎಂದು ಅಜ್ಜಿ ತಿದ್ದುತ್ತಿದ್ದಳು. ಕಾಡಿಗೂ ಕಾನಿಗೂ ಏನು ವ್ಯತ್ಯಾಸ ಎಂದು ಕೇಳುವಷ್ಟು ಬುದ್ಧಿ ಆಗ ಇರಲಿಲ್ಲ. ಈಗ ಕೇಳಿದರೆ ಉತ್ತರ ಸಿಗುತ್ತದೆ, ಆದರೆ ಹೇಳಲು ಅವಳಿಲ್ಲ.

ಮಲೆನಾಡಿನ ಹಳ್ಳಿಯವರಿಗೆ ಮರಗಳಿರುವ ಜಾಗವೆಲ್ಲ ಒಂದೇ ಆಗಿರಲಿಲ್ಲ. ದನ ಮೇಯುವ ಹುಲ್ಲುಗಾವಲು ಬ್ಯಾಣ. ಅಡಿಕೆ ತೋಟಕ್ಕೆ ಸೊಪ್ಪು ಕಡಿದು ತರುವ ಜಾಗ ಬೆಟ್ಟ. ಊರಿಗೆ ಹತ್ತಿರದ ಕುರುಚಲು ಹಾಡಿ. ಸವರಿ, ಸುಟ್ಟು, ಒಂದೆರಡು ಬೆಳೆ ತೆಗೆದು ಮತ್ತೆ ಬೆಳೆಯಲು ಬಿಟ್ಟ ಜಾಗ ಕುಮರಿ. ಇವೆಲ್ಲದರ ನಡುವೆ, ಕೊಡಲಿಯೂ ಬೆಂಕಿಯೂ ಹೋಗಬಾರದೆಂದು ಊರು ಒಪ್ಪಿಕೊಂಡಿದ್ದ ನಿತ್ಯಹಸಿರು ಕಾಡು ಕಾನು. ತಮಿಳಿನಲ್ಲೂ ಕಾನ್ ಎಂದರೆ ಕಾಡೇ. ಆದರೆ ಮಲೆನಾಡಿನಲ್ಲಿ ಆ ಪದದ ಅರ್ಥ ಕಿರಿದಾಗಿ, ಹಾಗೆಯೇ ಖಚಿತವಾಗಿ ನಿಂತಿತು. ಸೊರಬದಂಥ ತಾಲ್ಲೂಕಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಇದು ಮಲೆನಾಡು ಮುಗಿದು ಬಯಲು ಶುರುವಾಗುವ ಸೀಮೆ. ಸುತ್ತಲಿನ ಕಾಡು ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತಾಗ ನಡುವೆ ಅಲ್ಲೊಂದು ಇಲ್ಲೊಂದು ಕಡುಹಸಿರು ತುಣುಕು ಉಳಿದಿರುತ್ತದೆ. ಅದೇ ಕಾನು.

ಕಾನು ಉಳಿದದ್ದಕ್ಕೆ ದೇವರ ಭಯ ಒಂದು ಕಾರಣ. ಬಹಳಷ್ಟು ಕಾನುಗಳಲ್ಲಿ ಚೌಡಿಯೋ ಜಟಕನೋ ಭೂತವೋ ಇರುತ್ತಿತ್ತು. ಆದರೆ ಭಕ್ತಿಯೊಂದರಿಂದಲೇ ಇಷ್ಟು ಕಾಡು ಉಳಿಯಿತೆಂದರೆ ಅರ್ಧ ಕಥೆಯನ್ನಷ್ಟೇ ಹೇಳಿದ ಹಾಗೆ. ಇನ್ನರ್ಧ ಕಾಳುಮೆಣಸಿನದು.

ಕಾಳುಮೆಣಸಿನ ಬಳ್ಳಿಯ ತವರು ಪಶ್ಚಿಮಘಟ್ಟ. ಅದಕ್ಕೆ ಹಬ್ಬಲು ಮರ ಬೇಕು, ತಲೆಯ ಮೇಲೆ ನೆರಳು ಬೇಕು, ಬೇಸಿಗೆಯಲ್ಲೂ ಆರದ ತೇವ ಬೇಕು, ಬುಡದಲ್ಲಿ ಕೊಳೆತ ಎಲೆಯ ಗೊಬ್ಬರ ಬೇಕು. ಈ ನಾಲ್ಕೂ ಒಟ್ಟಿಗೆ ಸಿಗುವುದು ಕಾನಿನಲ್ಲಿ. ಕಾನಿನ ಹಕ್ಕಿದ್ದವರು ಕಾಡುಬಳ್ಳಿಯನ್ನು ಮರಕ್ಕೆ ಹಬ್ಬಿಸಿ, ಸುತ್ತಲಿನ ಪೊದೆ ಸವರಿ, ಫಲ ಕೊಡದ ಬಳ್ಳಿ ತೆಗೆದು, ಕೊಯ್ಲಿನ ಕಾಲಕ್ಕೆ ಬಂದು ಕೊಯ್ಯುತ್ತಿದ್ದರು. ಮರ ಕಡಿದರೆ ಬಳ್ಳಿ ಸಾಯುತ್ತಿತ್ತು, ಬಳ್ಳಿ ಸತ್ತರೆ ಕಂದಾಯ ಕಟ್ಟಲು ಹಣವಿರುತ್ತಿರಲಿಲ್ಲ. ಹಾಗಾಗಿ ಕಾನನ್ನು ಕಾಯುವುದು ರೈತನಿಗೂ ಬೇಕಿತ್ತು, ಅರಸನಿಗೂ ಬೇಕಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಆಕೆಯ ಬಂದರುಗಳಿಗೆ ಹೋಗುತ್ತಿದ್ದ ಮೆಣಸಿನ ಹಿಂದೆ ಘಟ್ಟದ ಮೇಲಿನ ಕಾನುಗಳಿದ್ದವು.

ಮೆಣಸಿನ ಜೊತೆಗೆ ಕಾನು ಕೊಡುತ್ತಿದ್ದ ಬೇರೆ ವಸ್ತುಗಳ ಪಟ್ಟಿ ಉದ್ದ: ದಾಲ್ಚಿನ್ನಿ, ರಾಮಪತ್ರೆ, ಮುರುಗಲು, ಉಪ್ಪಾಗೆ, ವಾಟೆ, ಹಳ್ಳದ ದಂಡೆಯ ಅಪ್ಪೆಮಿಡಿ, ಜೇನು, ಬೈನೆ ಮರದ ಹೆಂಡ. ನಮ್ಮ ಮನೆತನದ ಹಿರಿಯರು ಬೈನೆಯಿಂದ ಹೆಂಡ ಇಳಿಸುತ್ತಿದ್ದವರು ಎಂದು ಅಜ್ಜಿ ಹೇಳುತ್ತಿದ್ದಳು. ಆ ಮಾತನ್ನು ಅವಳು ಹೆಮ್ಮೆಯಿಂದ ಹೇಳುತ್ತಿದ್ದಳೋ ಸಂಕೋಚದಿಂದಲೋ ನನಗೆ ಇಂದಿಗೂ ಗೊತ್ತಾಗಿಲ್ಲ.

ಕನ್ನಡ ಸಾಹಿತ್ಯ ಓದಿದವರಿಗೆ ಈ ಸೀಮೆ ಹೊಸದಲ್ಲ. ಸೊರಬಕ್ಕೆ ಅಂಟಿಕೊಂಡೇ ಬನವಾಸಿಯಿದೆ. ಇಲ್ಲಿ ದುಂಬಿಯೋ ಕೋಗಿಲೆಯೋ ಆಗಿಯಾದರೂ ಹುಟ್ಟಬೇಕೆಂದು ಹತ್ತನೆಯ ಶತಮಾನದಲ್ಲಿ ಪಂಪ ಹಂಬಲಿಸಿದ. ಅದನ್ನು ನಾವು ನಾಡಿನ ಮೇಲಿನ ಪ್ರೀತಿಯೆಂದು ಓದುತ್ತೇವೆ, ಅದು ಸರಿಯೇ. ಆದರೆ ಮನುಷ್ಯ ಜನ್ಮ ಸಿಗದಿದ್ದರೆ ಮರದ ಆಸರೆಯಲ್ಲಿ ಬದುಕುವ ಜೀವಿಯಾಗಬೇಕು ಎಂದು ಬಯಸಿದ ಕವಿ ಎಂಥ ಮರಗಳನ್ನು ನೋಡಿ ಬೆಳೆದಿರಬಹುದು ಎಂದೂ ಈಗ ನನಗೆ ಅನ್ನಿಸುತ್ತದೆ.

1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಹೊಸದಾಗಿ ಕೈಸೇರಿದ ಸೀಮೆಯಲ್ಲಿ ಏನೇನಿದೆ ಎಂದು ತಿಳಿಯಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ವೈದ್ಯನನ್ನು ಕಳಿಸಿದ. ಆತ ಫ್ರಾನ್ಸಿಸ್ ಬುಕಾನನ್. ಒಳ್ಳೆಯ ಸಸ್ಯತಜ್ಞ, ಮುಂದೆ ಗಂಗಾನದಿಯ ಮೀನುಗಳ ಬಗ್ಗೆ ದೊಡ್ಡ ಗ್ರಂಥ ಬರೆದವನು. 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರು ಸುತ್ತಿ 1801ರಲ್ಲಿ ಉತ್ತರ ಕನ್ನಡಕ್ಕೆ ಬಂದ. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಕರ್ನಾಟಕದ ಇತಿಹಾಸ ಓದುವ ಯಾರಿಗೂ ಅದನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ.

ಕರಾವಳಿಯ ಕಾಡುಗಳ ಬಗ್ಗೆ ಅವನು ಬರೆದದ್ದರ ಸಾರಾಂಶ ಹೀಗಿದೆ. ಇಲ್ಲಿನ ಕಾಡು ಆಯಾ ಊರಿನ ದೇವರ ಸ್ವತ್ತು. ಊರ ಗೌಡನೇ ದೇವರ ಪೂಜಾರಿಯೂ ಹೌದು, ಅವನನ್ನು ಕೇಳದೆ ಮರ ಕಡಿಯಬಾರದು. ಅನುಮತಿಗೆ ದೇವರು ಏನನ್ನೂ ಪಡೆಯುವುದಿಲ್ಲ. ಆದರೆ ಕೇಳದೆ ಕಡಿದವನನ್ನು ಬಿಡುವುದಿಲ್ಲ. ಇಷ್ಟೆಲ್ಲ ಕಿವಿಗೊಟ್ಟು ಕೇಳಿ ಬರೆದುಕೊಂಡ ಬುಕಾನನ್ ಕೊನೆಗೆ ತನ್ನ ಅಭಿಪ್ರಾಯವನ್ನೂ ಸೇರಿಸುತ್ತಾನೆ: ಇದು ಬಹುಶಃ ಸರ್ಕಾರ ಆ ಸ್ವತ್ತಿನ ಮೇಲೆ ಹಕ್ಕು ಸಾಧಿಸದಿರಲಿ ಎಂದು ಹೂಡಿದ ಉಪಾಯ ಅಷ್ಟೇ.

ಈ ವಾಕ್ಯವನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು. ಮತ್ತೆ ಮತ್ತೆ ಓದಿದ ಮೇಲೆ, ಅವನು ಪೂರ್ತಿ ತಪ್ಪು ಹೇಳಿಲ್ಲ ಎನ್ನಿಸಿತು. ದೇವರ ಹೆಸರಿನಲ್ಲಿಟ್ಟ ಸ್ವತ್ತಿಗೆ ಅರಸನೂ ಕೈ ಹಾಕಲು ಹಿಂಜರಿಯುತ್ತಾನೆ, ಊರೊಳಗಿನ ದುರಾಸೆಯೂ ಹಿಂಜರಿಯುತ್ತದೆ. ಅದು ಉಪಾಯವೇ, ಒಳ್ಳೆಯ ಉಪಾಯ. ಬುಕಾನನ್ನನ ತೊಡಕಿದ್ದದ್ದು ಅದನ್ನು ಗುರುತಿಸಿದ್ದರಲ್ಲಿ ಅಲ್ಲ. ಸ್ವತ್ತು ಎಂದರೆ ಒಂದೋ ಸರ್ಕಾರದ್ದು ಇಲ್ಲವೇ ವ್ಯಕ್ತಿಯದ್ದು, ಮೂರನೆಯದೊಂದು ಇರಬಹುದಾದರೆ ಅದು ಮೋಸ ಎಂದು ಎಣಿಸಿದ್ದರಲ್ಲಿ. ಮುಂದಿನ ನೂರು ವರ್ಷ ಈ ಎಣಿಕೆ ಕಾನೂನಾಗುತ್ತ ಹೋಯಿತು.

1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಬಾಂಬೆ ಪ್ರಾಂತ್ಯಕ್ಕೆ ಸೇರಿತು. ಸೊರಬ ಮೈಸೂರಿನಲ್ಲೇ ಉಳಿಯಿತು. ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಹೀಗೆ ಅಕ್ಕಪಕ್ಕದ ಕಾನುಗಳು ಎರಡು ಆಡಳಿತಗಳಿಗೆ ಹಂಚಿಹೋದವು. ಭಾರತದ ಮೊದಲ ಅರಣ್ಯ ಮಹಾ ನಿರೀಕ್ಷಕ, ಜರ್ಮನ್ ಸಸ್ಯಶಾಸ್ತ್ರಜ್ಞ ಡೀಟ್ರಿಕ್ ಬ್ರಾಂಡಿಸ್ 1868ರಲ್ಲಿ ಗ್ರಾಂಟ್ ಎಂಬ ಅಧಿಕಾರಿಯ ಜೊತೆ ಸೊರಬದ ಕಾನುಗಳ ಬಗ್ಗೆ ವರದಿ ಬರೆದ. ಅವರ ಲೆಕ್ಕದಂತೆ ಆ ಒಂದು ತಾಲ್ಲೂಕಿನಲ್ಲೇ 171 ಕಾನುಗಳಿದ್ದವು, ಒಟ್ಟು ಸುಮಾರು 13,000 ಹೆಕ್ಟೇರು. 'ಕಾನು' ಎಂಬ ಪದ ಆ ವರದಿಯ ಹೆಸರಿನಲ್ಲೇ ಇದೆ. ಪಕ್ಕದ ಉತ್ತರ ಕನ್ನಡದಲ್ಲಿ ಅರಣ್ಯದ ಹಕ್ಕುಗಳ ಇತ್ಯರ್ಥಕ್ಕೆ ಬಂದ ವಿಂಗೇಟ್ ಎಂಬ ಅಧಿಕಾರಿಯೂ 1888ರಲ್ಲಿ ಕಾನುಗಳ ಮಹತ್ವವನ್ನು ಬರೆದಿಟ್ಟ. ಕಾನಿದ್ದಲ್ಲಿ ಒರತೆಗಳೂ ವರ್ಷವಿಡೀ ಹರಿಯುವ ಹಳ್ಳಗಳೂ ಇರುತ್ತವೆ, ಕೆಳಗಿನ ತೋಟಗಳಿಗೆ ನೆರಳು, ತೇವ ಎರಡೂ ಅದರಿಂದಲೇ ಸಿಗುತ್ತವೆ ಎಂಬುದು ಅವನ ಅಭಿಪ್ರಾಯ.

ಅಂದರೆ ಬ್ರಿಟಿಷ್ ಅಧಿಕಾರಿಗಳಿಗೆ ಕಾನು ಎಂದರೇನೆಂದು ಗೊತ್ತಿರಲಿಲ್ಲ ಎಂದಲ್ಲ. ಚೆನ್ನಾಗಿಯೇ ಗೊತ್ತಿತ್ತು. ಆದರೆ 1878ರ ಅರಣ್ಯ ಕಾಯ್ದೆಯ ಚೌಕಟ್ಟಿನಲ್ಲಿ ಅದಕ್ಕೆ ಮನೆಯಿರಲಿಲ್ಲ. ಕಾಯ್ದೆಗೆ ಗೊತ್ತಿದ್ದದ್ದು ಮೀಸಲು ಅರಣ್ಯ, ರಕ್ಷಿತ ಅರಣ್ಯ, ಗ್ರಾಮ ಅರಣ್ಯಗಳು ಮಾತ್ರ. ಉತ್ತರ ಕನ್ನಡದ ತೋಟಿಗರಿಗೆ ಸೊಪ್ಪಿನ ಬೆಟ್ಟ ಸಿಕ್ಕಿತು. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬಿಟ್ಟುಕೊಟ್ಟರು. ಕಾನುಗಳ ಹೆಚ್ಚಿನ ಪಾಲು ಸರ್ಕಾರದ ಮೀಸಲು ಅರಣ್ಯದಲ್ಲಿ ಲೀನವಾಯಿತು.

ಹೊರನೋಟಕ್ಕೆ ಇದರಲ್ಲಿ ನಷ್ಟವೇನೂ ಕಾಣುವುದಿಲ್ಲ. ಮರಗಳು ಅಲ್ಲೇ ಇದ್ದವು. ಆದರೆ ಬಳ್ಳಿ ನೋಡಿಕೊಳ್ಳುತ್ತಿದ್ದವನಿಗೆ ಇನ್ನು ಒಳಹೋಗಲು ಹಕ್ಕಿಲ್ಲ, ಹಕ್ಕಿಲ್ಲದ ಮೇಲೆ ಕಾಯುವ ಹೊಣೆಯೂ ಇಲ್ಲ. ಮೆಣಸು ಮೆಲ್ಲಗೆ ಕಾನಿನಿಂದ ಅಡಿಕೆ ತೋಟಕ್ಕೆ ಇಳಿಯಿತು. ಹೊರಗಿನ ಬೆಂಕಿ ಒಳಗೆ ಬಂದರೆ ಆರಿಸುವವರಿಲ್ಲದಾಯಿತು. ಉತ್ತರ ಕನ್ನಡದ ಕಾನುಗಳ ಚರಿತ್ರೆಯನ್ನು ಮೊದಲಿಗೆ ವಿವರವಾಗಿ ಕಟ್ಟಿಕೊಟ್ಟವರು ಕುಮಟಾದಲ್ಲಿ ಅಧ್ಯಾಪಕರಾಗಿದ್ದ ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಮಾಧವ ಗಾಡ್ಗೀಳ್. 1990ರ ದಶಕದಲ್ಲಿ ಬಂದ ಅವರ ಬರಹಗಳು ಈ ಕಾನುಗಳನ್ನು ಊರಿನ ಸುರಕ್ಷೆಯ ಕಾಡುಗಳೆಂದು ಕರೆದವು. ನನ್ನಂಥವರು ಅವರು ತೆರೆದ ದಾರಿಯಲ್ಲೇ ನಡೆಯುತ್ತಿದ್ದೇವೆ.

ಸ್ವಾತಂತ್ರ್ಯ ಬಂದ ಮೇಲೂ ಲೆಕ್ಕ ಬದಲಾಗಲಿಲ್ಲ. ಅರಣ್ಯವೆಂದರೆ ಮರಮಟ್ಟು ಎಂಬ ಎಣಿಕೆ ಪ್ಲೈವುಡ್ಡು, ಬೆಂಕಿಪೆಟ್ಟಿಗೆ, ಕಾಗದದ ಕಾರ್ಖಾನೆಗಳಿಂದ ಇನ್ನಷ್ಟು ಗಟ್ಟಿಯಾಯಿತು. ನಿತ್ಯಹಸಿರು ಕಾಡು ಕಡಿದು ಸಾಗವಾನಿ ನೆಟ್ಟರು. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ತಬ್ಬಿ ನಿಂತರು. ಅದು ಅಪ್ಪಿಕೊ ಚಳವಳಿಯ ಮೊದಲ ದಿನ. ಅದನ್ನು ಪರಿಸರ ಪ್ರೇಮದ ಕಥೆಯೆಂದು ನಾವು ಓದುತ್ತ ಬಂದಿದ್ದೇವೆ. ಅದರೊಳಗೆ ಹಳೆಯದೊಂದು ತಕರಾರೂ ಇತ್ತು ಎಂದು ನನಗನ್ನಿಸುತ್ತದೆ. ಈ ಕಾಡಿನ ಬಗ್ಗೆ ನಮ್ಮನ್ನು ಯಾಕೆ ಕೇಳಲಿಲ್ಲ ಎಂಬ ತಕರಾರು. ಬುಕಾನನ್ ಉಪಾಯವೆಂದು ಕರೆದದ್ದು ಇದೇ ಪ್ರಶ್ನೆಯನ್ನು.

ಈಗ ಕತ್ತಲೆಕಾನಿಗೆ ಮರಳೋಣ. ಅಲ್ಲಿನ ಜೌಗಿನಲ್ಲಿ ಸೈಜೀಜಿಯಂ ಟ್ರಾವಂಕೋರಿಕಂ, ಮಧುಕಾ ಬೋರ್ಡಿಲ್ಲೊನಿ ಎಂಬ ಎರಡು ಮರಗಳು ಸಿಕ್ಕಿವೆ. ಮೊದಲನೆಯದು ನೇರಳೆಯ ಬಳಗ, ಎರಡನೆಯದು ಹಿಪ್ಪೆಯ ಬಳಗ. ಎರಡೂ ನೂರಾರು ಕಿಲೋಮೀಟರು ದಕ್ಷಿಣದ ತಿರುವಾಂಕೂರು ಸೀಮೆಯ ಮರಗಳೆಂದೇ ಅದುವರೆಗೆ ಪರಿಚಿತವಾಗಿದ್ದವು. ಇವುಗಳ ಬೀಜ ಗಾಳಿಯಲ್ಲಿ ಹಾರಿ ಅಷ್ಟು ದೂರ ಬರುವಂಥದ್ದಲ್ಲ. ಒಂದು ಕಾಲದಲ್ಲಿ ಘಟ್ಟದುದ್ದಕ್ಕೂ ಹಬ್ಬಿದ್ದ ತೇವದ ಕಾಡು ನಡುನಡುವೆ ಹರಿದುಹೋಗಿ, ತುಣುಕುಗಳು ಅಲ್ಲಲ್ಲಿ ಉಳಿದವು ಎಂದುಕೊಂಡರೆ ಮಾತ್ರ ಇದು ಅರ್ಥವಾಗುತ್ತದೆ. ಸಿಂಗಳೀಕದ ಕಥೆಯೂ ಇದೇ. ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಈ ಕೋತಿ ನೆಲಕ್ಕೆ ಇಳಿಯುವುದೇ ಅಪರೂಪ. ಮರದಿಂದ ಮರಕ್ಕೆ ದಾಟಲು ಅದಕ್ಕೆ ಕಡಿಯದ ಹಂದರ ಬೇಕು. ಅದರ ನೆಲೆಯ ಉತ್ತರದ ತುದಿ ಈ ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡುಗಳೇ. ರಾಮಪತ್ರೆಯ ಕೆಂಪು ಪತ್ರೆ ತಿಂದು ಬೀಜವನ್ನು ದೂರ ಒಯ್ಯುವ ಮಂಗಟ್ಟೆ ಹಕ್ಕಿಗೆ ಗೂಡಿಗೆ ಪೊಟರೆಯಿರುವ ಹಳೆಯ ಮರ ಬೇಕು. ಮಂಗಟ್ಟೆ ಹೋದರೆ ರಾಮಪತ್ರೆಯ ಬೀಜ ತಾಯಿಮರದ ಕೆಳಗೇ ಕೊಳೆಯುತ್ತದೆ.

ಮೆಣಸಿಗಾಗಿ ಕಾನು ಉಳಿಸಿದವರಿಗೆ ಕುಂಬಾರ ಕಪ್ಪೆಯನ್ನು ಉಳಿಸಬೇಕೆಂಬ ಯೋಚನೆ ಇರಲಿಲ್ಲ. ಆದರೆ ನೆರಳೂ ತೇವವೂ ಉಳಿದ ಕಡೆ ಅವುಗಳನ್ನು ನಂಬಿದ ಜೀವಗಳೂ ಉಳಿದವು.

ಇಷ್ಟು ಹೇಳಿ ಕಾನಿನ ಕಾಲ ಸುವರ್ಣಯುಗವಾಗಿತ್ತು ಎಂದರೆ ಅದು ಸುಳ್ಳಾಗುತ್ತದೆ. ಕಾನಿನ ಹಕ್ಕು ಊರಿನ ಎಲ್ಲರದ್ದೂ ಆಗಿರಲಿಲ್ಲ. ಮೆಣಸು ಹಕ್ಕುದಾರನದು, ಮರ ಹತ್ತಿ ಕೊಯ್ಯುವ ಕೆಲಸ ಬೇರೆಯವರದು. ದೇವರ ಅನುಮತಿ ಹೇಳುವವನು ಗೌಡ. ಗೌಡನ ಮುಂದೆ ಎಲ್ಲರ ಮಾತಿಗೂ ಒಂದೇ ಬೆಲೆ ಇತ್ತೆಂದು ನಂಬಲು ನನಗೆ ಕಾರಣವಿಲ್ಲ. ಇದೇ ಸೀಮೆಯ ಗೇಣಿದಾರರು 1951ರಲ್ಲಿ ಸಾಗರದ ಕಾಗೋಡಿನಲ್ಲಿ ಭೂಮಾಲೀಕರ ಎದುರು ಎದ್ದು ನಿಂತದ್ದನ್ನು ಮರೆತು ಮಲೆನಾಡಿನ ಹಳೆಯ ವ್ಯವಸ್ಥೆಯನ್ನು ಹೊಗಳಲು ಬರುವುದಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಕಾಡಿಗೆ ಬಳಕೆಯೂ ಉಳಿವೂ ಒಟ್ಟಿಗೆ ಸಾಧ್ಯವಿರುವ ಒಂದು ಬಗೆ ಇತ್ತು, ಆ ಬಗೆಗೆ ಒಂದು ಹೆಸರಿತ್ತು. ಅದನ್ನು ಇನ್ನಷ್ಟು ನ್ಯಾಯವಾಗಿಸುವ ಬದಲು ನಾವು ಹೆಸರನ್ನೇ ತೆಗೆದುಬಿಟ್ಟೆವು.

ಪಶ್ಚಿಮಘಟ್ಟವನ್ನು ಇಂದು ಜೀವವೈವಿಧ್ಯದ ಹಾಟ್‌ಸ್ಪಾಟ್ ಎನ್ನುತ್ತೇವೆ. ಬ್ರಿಟಿಷ್ ಪರಿಸರ ವಿಜ್ಞಾನಿ ನಾರ್ಮನ್ ಮೈಯರ್ಸ್ 1988ರಲ್ಲಿ ಈ ಪರಿಕಲ್ಪನೆ ತಂದಾಗ ಪಟ್ಟಿಯಲ್ಲಿದ್ದದ್ದು ಹತ್ತು ಜಾಗಗಳು. ಎರಡು ವರ್ಷದ ನಂತರ ಪಶ್ಚಿಮಘಟ್ಟವೂ ಸೇರಿತು. 2000ದಲ್ಲಿ ಅವರು ಖಚಿತಪಡಿಸಿದ ಅಳತೆ ಹೀಗಿದೆ: ಬೇರೆಲ್ಲೂ ಇಲ್ಲದ ಕನಿಷ್ಠ 1,500 ಸಸ್ಯ ಜಾತಿಗಳು ಅಲ್ಲಿರಬೇಕು, ಜೊತೆಗೆ ಮೂಲ ಸಸ್ಯಾವರಣದ ನೂರಕ್ಕೆ ಎಪ್ಪತ್ತು ಪಾಲಾದರೂ ನಾಶವಾಗಿರಬೇಕು. ಎರಡನೆಯ ಷರತ್ತನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಕಳೆದುಕೊಂಡದ್ದೂ ಸೇರಿ ಬಂದ ಹೆಸರು ಇದು. ಉಳಿದದ್ದನ್ನು ಎಣಿಸುವುದು ಜೀವವಿಜ್ಞಾನಿಯ ಕೆಲಸವಾದರೆ, ಆ ಎಪ್ಪತ್ತು ಪಾಲು ಯಾವ ಯಾವ ಕಾಗದದ ಮೂಲಕ ಹೋಯಿತು ಎಂದು ಹುಡುಕುವುದು ಇತಿಹಾಸದ ವಿದ್ಯಾರ್ಥಿಯ ಕೆಲಸ.

ಕಾಗದದ ಕಥೆ ಮುಗಿದಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟು, ಅರಣ್ಯ ಎಂಬ ಪದವನ್ನು ನಿಘಂಟಿನ ಅರ್ಥದಲ್ಲೇ ತಿಳಿಯಬೇಕು, ಒಡೆತನ ಯಾರದ್ದೇ ಆಗಿರಲಿ ಎಂದು ಹೇಳಿತು. ಹಾಗೆ ಹುಟ್ಟಿದ್ದು ಡೀಮ್ಡ್ ಅರಣ್ಯ. ಕರ್ನಾಟಕದಲ್ಲಿ ಸುಮಾರು 9.9 ಲಕ್ಷ ಹೆಕ್ಟೇರಿದ್ದ ಆ ಪಟ್ಟಿ 2022ರಲ್ಲಿ ಸುಮಾರು 3.3 ಲಕ್ಷಕ್ಕೆ ಇಳಿಯಿತು. ಸಾಗುವಳಿ ಮಾಡಿ ಬದುಕುವವರ ಸಂಕಟ ಅದರ ಹಿಂದಿದೆ, ಅದು ನಿಜವಾದ ಸಂಕಟವೇ. ಆದರೆ ವಾದ ನಡೆದದ್ದೆಲ್ಲ ಅರಣ್ಯವೋ ಅಲ್ಲವೋ ಎಂಬ ಒಂದೇ ಪ್ರಶ್ನೆಯ ಮೇಲೆ. ಕಾನು, ಬೆಟ್ಟ, ಬ್ಯಾಣ, ಹಾಡಿಗಳೆಂದು ಬಿಡಿಸಿ ನೋಡಬಲ್ಲ ಕಣ್ಣು ನಮ್ಮ ಭಾಷೆಗಿತ್ತು. ಆ ಕಣ್ಣು ಕಾನೂನಿಗೆ ಬರಲೇ ಇಲ್ಲ.

ಹೋದ ವರ್ಷ ಅಜ್ಜಿಯ ಊರಿನ ಹಳೆಯ ಕಾಗದಗಳನ್ನು ನೋಡಿದೆ. ಒಂದು ಹಳೆಯ ಪುಟದಲ್ಲಿ ಸರ್ವೆ ನಂಬರಿನ ಎದುರು 'ಕಾನು' ಎಂದು ಮೋಡಿಯಂಥ ಬರಹದಲ್ಲಿತ್ತು. ಅದೇ ನಂಬರಿನ ಈಗಿನ ಪಹಣಿಯಲ್ಲಿ ಆ ಪದವಿಲ್ಲ. ಜಾಗ ನೋಡಲು ಹೋದೆ. ಹೆಚ್ಚಿನ ಭಾಗದಲ್ಲಿ ಅಕೇಶಿಯಾ ನೆಡುತೋಪು, ಒಂದು ಅಂಚಿನಲ್ಲಿ ಹೊಸ ಅಡಿಕೆ ತೋಟ. ಕೆಳಗೆ ಇಳಿಜಾರಿನಲ್ಲಿ, ಹಳ್ಳ ಶುರುವಾಗುವ ಕಡೆ, ಮೂರು ನಾಲ್ಕು ಎಕರೆಯಷ್ಟು ಹಳೆಯ ಕಾನು ಇನ್ನೂ ಇದೆ. ಚೌಡಿಯ ಕಲ್ಲು ಅಲ್ಲೇ ಇರುವುದರಿಂದ ಯಾರೂ ಮುಟ್ಟಿಲ್ಲ ಎಂದು ಜೊತೆಗೆ ಬಂದ ಮಾವ ಹೇಳಿದರು. ಏಪ್ರಿಲ್ ತಿಂಗಳು. ಮೇಲಿನ ನೆಡುತೋಪಿನ ನೆಲ ಒಣಗಿ ಬಿರುಕುಬಿಟ್ಟಿತ್ತು, ಈ ತುಣುಕಿನೊಳಗೆ ಕಾಲಿಟ್ಟರೆ ಎಲೆಯಡಿಯ ಮಣ್ಣು ಒದ್ದೆ. ಬೈನೆಯ ಮರವೊಂದು ನಿಂತಿತ್ತು. ಮೆಣಸಿನ ಕಾಡುಬಳ್ಳಿಯೂ ಒಂದು ಮರಕ್ಕೆ ಹಬ್ಬಿತ್ತು, ಯಾರೂ ಕೊಯ್ಯದೆ.

"ಈ ಕಾಡಿಗೆ ಹೆಸರೇನು ಮಾವ?" ಎಂದು ಕೇಳಿದೆ.

"ಕಾಡಲ್ಲ ಮಾರಾಯ್ತಿ, ಕಾನು" ಎಂದರು.